ತೂಬು ಯಾರ ಕೈಲಿತ್ತು? ಮುಮ್ಮಡಿ ಕೃಷ್ಣರಾಜರು ಮತ್ತು ಕಂಪನಿಯ ಗೆಳೆತನ

1799ರ ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ ಒಬ್ಬ ಹುಡುಗನಿಗೆ ಪಟ್ಟ ಕಟ್ಟಿದರು. ಹುಡುಗನಿಗೆ ಐದು ವರ್ಷ ತುಂಬೋದಕ್ಕೆ ಇನ್ನೂ ಎರಡು ವಾರ ಬಾಕಿ ಇತ್ತು. ಅದಾದ ಎಂಟನೇ ದಿನ, ಜುಲೈ 8ಕ್ಕೆ, ಆ ಹುಡುಗನ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಂದು ಒಪ್ಪಂದವಾಯಿತು. ಒಬ್ಬರ ಮಿತ್ರರು ಇನ್ನೊಬ್ಬರಿಗೂ ಮಿತ್ರರು, ಒಬ್ಬರ ಶತ್ರುಗಳು ಇನ್ನೊಬ್ಬರಿಗೂ ಶತ್ರುಗಳು ಎಂದು ಅದರಲ್ಲಿತ್ತು. ಸೂರ್ಯಚಂದ್ರರು ಇರುವ ತನಕ ಈ ಗೆಳೆತನ ನಡೆಯಬೇಕು ಎಂದೂ ಇತ್ತು. ನಮ್ಮ ಶಾಸನಗಳಲ್ಲಿ ದಾನ ಕೊಡುವಾಗ ಕೆತ್ತಿಸುವ ಆಚಂದ್ರಾರ್ಕದ ಮಾತೇ ಅದು. ನಡೆದದ್ದು 32 ವರ್ಷ.

ಆ ಹುಡುಗನೇ ಮುಮ್ಮಡಿ ಕೃಷ್ಣರಾಜ ಒಡೆಯರು. ಶ್ರೀತತ್ತ್ವನಿಧಿ ಮಾಡಿಸಿದವರು, ಚದುರಂಗದ ಕುದುರೆಯನ್ನು 64 ಮನೆಯಲ್ಲೂ ಒಂದೊಂದು ಸಲ ಮಾತ್ರ ನಿಲ್ಲಿಸುವ ಪದಬಂಧಗಳನ್ನು ಕಟ್ಟಿದವರು, ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದವರು ಎಂದೆಲ್ಲ ನಮಗೆ ಗೊತ್ತು. ಆದರೆ ನಾನು ಅವರ ಬದುಕನ್ನು ಓದಿದ್ದು ಬೇರೆ ಕಾರಣಕ್ಕೆ. ದೊಡ್ಡ ದೇಶದ ನಾಯಕರೊಬ್ಬರು ಬಂದು ನಮ್ಮವರನ್ನು ತಬ್ಬಿಕೊಂಡಾಗಲೆಲ್ಲ ಇಂಥ ಗೆಳೆತನದಿಂದ ಎರಡೂ ಕಡೆಗೆ ಲಾಭ ಎಂದು ಟಿವಿಯಲ್ಲಿ ಹೇಳ್ತಾರೆ. 2025ರ ಆಗಸ್ಟ್‌ನಲ್ಲಿ ಅದೇ ಗೆಳೆಯರ ಕಡೆಯಿಂದ ನಮ್ಮ ಹಲವು ಸರಕುಗಳ ಮೇಲೆ ಶೇ. 50ರ ಸುಂಕ ಬಿತ್ತು. ಆಗ ಇದೇ ಚಾನೆಲ್‌ಗಳು ಗೆಳೆತನವೇ ಮೋಸ ಅಂದವು. ಎರಡೂ ಮಾತು ಸೋಮಾರಿತನದ್ದು. ಲಾಭ ಇದೆಯೋ ಇಲ್ಲವೋ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ನನಗೆ ಅನ್ನಿಸೋದು ಮುಮ್ಮಡಿಯವರ ಕತೆ ಓದಿದ ಮೇಲೆ.

ಮೊದಲು ಆ ಕಾಗದಕ್ಕೆ ಯಾಕೆ ಒಪ್ಪಿದರು ಎಂಬುದನ್ನು ನೋಡೋಣ.

ಟಿಪ್ಪು ಸತ್ತದ್ದು 1799ರ ಮೇ 4ರಂದು. ಹುಡುಗನ ತಂದೆ ಖಾಸಾ ಚಾಮರಾಜ ಒಡೆಯರು ಮೂರು ವರ್ಷ ಮೊದಲೇ ತೀರಿಹೋಗಿದ್ದರು. ಆಮೇಲೆ ಟಿಪ್ಪು ಯಾರಿಗೂ ಪಟ್ಟ ಕಟ್ಟಿರಲಿಲ್ಲ. ಒಡೆಯರ ಮನೆತನ ಅಂದರೆ ಶ್ರೀರಂಗಪಟ್ಟಣದ ಒಂದು ಸಾಮಾನ್ಯ ಮನೆಯಲ್ಲಿ ಬದುಕುತ್ತಿದ್ದ ಕೆಲವು ಹೆಂಗಸರು ಮತ್ತು ಮಕ್ಕಳು, ಅಷ್ಟೇ. ಆ ಮನೆಯಲ್ಲಿ ಲಕ್ಷ್ಮಮ್ಮಣ್ಣಿ ಇದ್ದರು. ಇಮ್ಮಡಿ ಕೃಷ್ಣರಾಜರ ವಿಧವೆ, ಹುಡುಗನಿಗೆ ಅಜ್ಜಿಯ ಸ್ಥಾನ. ಹೈದರನ ಕಾಲದಿಂದಲೂ ಆಕೆ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸುತ್ತಲೇ ಇದ್ದರು. 1782ರಲ್ಲಿ ತಿರುಮಲರಾವ್ ಎಂಬ ಪ್ರಧಾನರ ಮೂಲಕ ಮದರಾಸಿನವರ ಜೊತೆ ಒಂದು ಕರಾರೂ ಆಗಿತ್ತು. ರಾಜ್ಯ ಗೆದ್ದುಕೊಡಿ, ಖರ್ಚು ನಾವು ಕೊಡುತ್ತೇವೆ ಎಂಬುದು ಅದರ ಸಾರ. ಸಿಕ್ಕಿಬಿದ್ದಿದ್ದರೆ ತಲೆ ಹೋಗುವ ಕೆಲಸ. ಹದಿನೇಳು ವರ್ಷ ಕಾದ ಮೇಲೆ ಆಕೆಯ ಕೈಗೆ ಬಂದದ್ದು 1799ರ ಒಪ್ಪಂದ. ಆಕೆಯನ್ನು ಮೋಸಹೋದ ಮುದುಕಿ ಎಂದು ಬರೆಯುವವರನ್ನು ನಾನು ಒಪ್ಪಲ್ಲ. ಆಕೆಗೆ ಬೇಕಿದ್ದದ್ದು ಸಿಂಹಾಸನ, ಅದು ಸಿಕ್ಕಿತು.

ಕಂಪನಿಯ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಮೈಸೂರಿಗೆ ಹಳೆಯ ಅನುಭವವೂ ಇತ್ತು. 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಇಂಗ್ಲಿಷರಿಂದ ಸಹಿ ಹಾಕಿಸಿಕೊಂಡಿದ್ದ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಸಹಾಯಕ್ಕೆ ಬರಬೇಕು ಎಂಬುದು ಷರತ್ತು. ಮರುವರ್ಷವೇ ಮರಾಠರ ಪೇಶ್ವೆ ಮಾಧವರಾಯ ಮೈಸೂರಿನ ಮೇಲೆ ಬಂದ. ಇಂಗ್ಲಿಷರು ಬರಲಿಲ್ಲ. ಹಾಗಂತ ಫ್ರೆಂಚರೇನು ಸಾಚಾ ಆಗಿರಲಿಲ್ಲ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ಎರಡೂ ದೇಶಗಳಿಗೆ ರಾಜಿಯಾಯಿತು ಎಂಬ ಸುದ್ದಿ ಬಂದದ್ದೇ ತಡ, ಅವನ ಜೊತೆ ಹೋರಾಡುತ್ತಿದ್ದ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆ ಸರಿಯಿತು. ದೂರದ ಗೆಳೆಯರಿಗೆ ಅವರದೇ ಲೆಕ್ಕ ಇರುತ್ತದೆ. ಹೈದರ್ ಮತ್ತು ಟಿಪ್ಪುವಿಗೆ ಒಂದು ಅನುಕೂಲವಿತ್ತು: ಗೆಳೆಯ ಕೈಕೊಟ್ಟರೂ ಅವರ ಸೈನ್ಯ ಅವರ ಹತ್ತಿರವೇ ಇತ್ತು.

ಕಾಗದದಲ್ಲಿ ಏನಿತ್ತು

ಸಹಾಯಕ ಸೈನ್ಯ ಪದ್ಧತಿ ಅಂತ ನಾವೆಲ್ಲ ಶಾಲೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದೇವೆ. ಆ ಎರಡು ಮಾರ್ಕಿನ ಒಳಗೆ ಇದ್ದದ್ದು ಇಷ್ಟು. ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯ ಇಲ್ಲೇ ಇರುತ್ತದೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ತಿಂಗಳ ಕಂತಿನಲ್ಲಿ ಕೊಡಬೇಕು. ಈ ಹಣದ ಹೆಸರು ಸಬ್ಸಿಡಿ. ಈಗ ಸಬ್ಸಿಡಿ ಅಂದರೆ ಸರ್ಕಾರ ರೈತರಿಗೆ ಕೊಡೋದು, ಆಗ ರೈತರಿಂದ ವಸೂಲಿ ಮಾಡಿ ಕಂಪನಿಗೆ ಕೊಡೋದು! ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಒಡೆಯರ ಪಾಲಿಗೆ ಬಂದ ಸೀಮೆಯ ಹುಟ್ಟುವಳಿಯನ್ನು ಕಂಪನಿಯೇ ಸುಮಾರು 13.74 ಲಕ್ಷ ಕಂಠೀರವ ವರಾಹ ಎಂದು ಬರೆದಿತ್ತು. ಕಂಠೀರವ ವರಾಹಕ್ಕಿಂತ ಸ್ಟಾರ್ ಪಗೋಡದ ಬೆಲೆ ಹೆಚ್ಚು. ಹಾಗಾಗಿ ಕಾಗದದ ಲೆಕ್ಕದಲ್ಲೇ ಅರ್ಧಕ್ಕಿಂತ ಹೆಚ್ಚು ಆದಾಯ ಗೆಳೆಯನ ಜೇಬಿಗೆ.

ಬೇರೆ ಯಾವ ರಾಜ್ಯದ ಜೊತೆಗೂ ಕಂಪನಿಗೆ ಗೊತ್ತಿಲ್ಲದೆ ಪತ್ರ ವ್ಯವಹಾರ ಮಾಡುವಂತಿಲ್ಲ. ಕಂಪನಿಯ ಒಪ್ಪಿಗೆ ಇಲ್ಲದೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶ್ರೀರಂಗಪಟ್ಟಣದ ದ್ವೀಪ ಕಂಪನಿಗೇ. ಇವೆಲ್ಲ ಆ ಕಾಲದ ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ನಿಜವಾದ ವಿಷಯ ಇದ್ದದ್ದು ನಾಲ್ಕನೇ ಕಲಮಿನಲ್ಲಿ. ತನಗೆ ಬರಬೇಕಾದ ಹಣ ನಿಲ್ಲಬಹುದು ಎಂಬ ಅನುಮಾನ ಗವರ್ನರ್ ಜನರಲ್‌ಗೆ ಬಂದರೆ ಸಾಕು, ಆತ ರಾಜ್ಯದ ಆಡಳಿತದಲ್ಲಿ ಬದಲಾವಣೆ ಮಾಡಿಸಬಹುದು, ಅಥವಾ ರಾಜ್ಯವನ್ನೇ ತನ್ನ ಕೈಗೆ ತೆಗೆದುಕೊಳ್ಳಬಹುದು. ಹಣ ನಿಲ್ಲಬೇಕಾಗಿಲ್ಲ, ಅನುಮಾನ ಬಂದರೆ ಸಾಕು. ಅದು ಸರಿಯಾದ ಅನುಮಾನವೋ ಅಲ್ಲವೋ ಎಂದು ತೀರ್ಮಾನಿಸುವವನೂ ಅದೇ ಗವರ್ನರ್ ಜನರಲ್.

ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಅಲ್ಲಿ ಗ್ರಾಹಕರ ಕಾಂಟ್ರಾಕ್ಟ್ ಓದೋದನ್ನು ಒಬ್ಬ ಹಿರಿಯರು ಕಲಿಸಿದರು. ರೇಟು ಎಷ್ಟು ಅನ್ನೋದನ್ನು ಆಮೇಲೆ ನೋಡು, ಕೆಲಸ ಸರಿ ಇಲ್ಲ ಅಂತ ಹೇಳೋ ಹಕ್ಕು ಯಾರಿಗಿದೆ, ಜಗಳವಾದರೆ ತೀರ್ಪು ಯಾರದು ಎಂಬ ಪುಟವನ್ನು ಮೊದಲು ತೆಗೆ ಅಂತಿದ್ದರು. ನಮ್ಮೂರಿನವರಿಗೆ ಇದನ್ನು ಹೇಳಿಕೊಡಲು ಯಾವ ಕಂಪನಿಯೂ ಬೇಕಿಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಸಖರಾಯಪಟ್ಟಣ ನಮ್ಮೂರು. ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆ ಇದೆ. ರುಕ್ಮಾಂಗದ ರಾಜ ಕಟ್ಟಿಸಿದ್ದು ಎನ್ನುತ್ತಾರೆ, ಹೊಯ್ಸಳರ ಕಾಲದಲ್ಲಿ ದುರಸ್ತಿಯಾಯಿತು ಎನ್ನುತ್ತಾರೆ. ಅದರ ಅಚ್ಚುಕಟ್ಟಿನಲ್ಲಿ ಮೇಲಿನ ಗದ್ದೆಯವರಿಗೂ ಕೆಳಗಿನ ಗದ್ದೆಯವರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲರೂ ನೆಂಟರೇ. ಕೆರೆ ತಳ ಕಂಡ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಮಾತು ಬಂದೇ ಬರುತ್ತದೆ. ಅದಕ್ಕೇ ಕೆರೆ ಇರುವ ಊರುಗಳಲ್ಲಿ ತೂಬು ಎತ್ತುವ ಕೆಲಸವನ್ನು ನೀರುಗಂಟಿಗೆ ವಹಿಸಿದ್ದು. ಮೇಲಿನ ಗದ್ದೆಯವನೇ ನೀರುಗಂಟಿಯೂ ಆಗಿಬಿಟ್ಟರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. 1799ರ ಕಾಗದದಲ್ಲಿ ಆದದ್ದು ಅದೇ.

ಒಳ್ಳೆಯ ವರ್ಷಗಳು

ಆದರೂ ಮೊದಲ ಹನ್ನೆರಡು ವರ್ಷ ಗೆಳೆತನ ಕೆಲಸ ಮಾಡಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ ಶಿವಮೊಗ್ಗ, ನಗರದ ಸೀಮೆಯಲ್ಲಿ ದಂಡು ಕಟ್ಟಿಕೊಂಡು ಹೊಸ ರಾಜ್ಯಕ್ಕೆ ಸವಾಲು ಹಾಕಿದ. ಅವನನ್ನು ತುಂಗಭದ್ರೆಯ ಆಚೆವರೆಗೂ ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್‌ನಲ್ಲಿ ಕೊಂದದ್ದು ಕಂಪನಿಯ ಸೈನ್ಯ, ಆರ್ಥರ್ ವೆಲ್ಲೆಸ್ಲಿಯ ಮುಂದಾಳತ್ವದಲ್ಲಿ. ಆಗ ತಾನೇ ನಿಂತ ಮೈಸೂರಿಗೆ ಒಬ್ಬಂಟಿಯಾಗಿ ಅದು ಸಾಧ್ಯವಿರಲಿಲ್ಲ. ಮರಾಠರ ಕುದುರೆಗಳು ಬರುವುದು ನಿಂತಿತು. ಒಂದು ತಲೆಮಾರು ಪೂರ್ತಿ ಹೊರಗಿನ ಯುದ್ಧ ಈ ನೆಲದ ಮೇಲೆ ನಡೆಯಲಿಲ್ಲ.

ದಿವಾನ್ ಪೂರ್ಣಯ್ಯ ಹೈದರ್, ಟಿಪ್ಪು ಇಬ್ಬರ ಹತ್ತಿರವೂ ಕೆಲಸ ಮಾಡಿ ಪಳಗಿದವರು. ಪ್ರತಿ ಕಂತನ್ನೂ ಕಟ್ಟಿದರು. 1803ರ ಮರಾಠಾ ಯುದ್ಧಕ್ಕೆ ಮೈಸೂರಿನ ಸಿಲ್ಲೇದಾರ್ ಕುದುರೆಗಳನ್ನು ಕಳಿಸಿದರು. 1807ರಲ್ಲಿ 4000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕು ಎಂದು ಒಪ್ಪಂದಕ್ಕೆ ಇನ್ನೊಂದು ಹೊರೆ ಸೇರಿತು, ಅದನ್ನೂ ಹೊತ್ತರು. ಇಷ್ಟಾಗಿಯೂ ಅವರು ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿ ಉಳಿದಿತ್ತು ಎಂದು ಕಂಪನಿಯವರೇ ಲೆಕ್ಕ ಬರೆದಿದ್ದಾರೆ. ಅಷ್ಟು ಹಣ ಹೇಗೆ ಉಳಿಯಿತು, ಯಾರನ್ನು ಹಿಂಡಿ ಉಳಿಯಿತು ಎಂಬುದು ಬೇರೆಯದೇ ಲೇಖನ.

ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು. 1811ರ ಕೊನೆಗೆ ಅಧಿಕಾರ ಹುಡುಗನ ಕೈಗೆ ಬಂತು. ಹದಿನೇಳು ವರ್ಷ. ಮುಂದಿನ ಮಾರ್ಚ್‌ನಲ್ಲಿ ಪೂರ್ಣಯ್ಯನವರೂ ಇಲ್ಲವಾದರು.

ಮುಮ್ಮಡಿಯವರು ಕೆಟ್ಟ ಮನುಷ್ಯರಲ್ಲ. ಕೈ ದೊಡ್ಡದು, ಕಿವಿ ಮೆತ್ತಗೆ. ದಾನ, ಉಂಬಳಿ, ಅರಮನೆಯ ವೈಭವ, ಹತ್ತಿರದವರ ಶಿಫಾರಸಿಗೆ ಹುದ್ದೆ ಹೀಗೆ ಪೂರ್ಣಯ್ಯ ಕೂಡಿಟ್ಟದ್ದು ಕರಗಿತು. ಸಾಲವೂ ಆಯಿತು. ಅವರ ಅಭಿಮಾನಿಗಳು ಇದನ್ನೆಲ್ಲ ಬ್ರಿಟಿಷರ ಅಪಪ್ರಚಾರ ಅಂತಾರೆ. ಪೂರ್ತಿ ಹಾಗಲ್ಲ. ಆದರೆ ಮುಮ್ಮಡಿಯವರ ಸ್ವಭಾವಕ್ಕಿಂತ ಹೆಚ್ಚಾಗಿ ಅವರು ಕೂತಿದ್ದ ಜಾಗವೇ ಅವರನ್ನು ಕೆಡಿಸಿತು ಎಂದು ನನ್ನ ವಾದ. ಇದು ನನ್ನೊಬ್ಬನ ವಾದವಲ್ಲ. ಕಂಪನಿಯ ಒಳಗೇ ಇದ್ದ ಥಾಮಸ್ ಮನ್ರೋ 1817ರಲ್ಲಿ ತನ್ನ ಮೇಲಿನವರಿಗೆ ಇದನ್ನೇ ಬರೆದ. ಹೊರಗಿನ ಶತ್ರು ಬರದಂತೆ ನಾವು ಕಾಯುತ್ತೇವೆ, ಒಳಗಿನ ದಂಗೆಯನ್ನೂ ನಾವೇ ಅಡಗಿಸುತ್ತೇವೆ. ಹೀಗಾದಾಗ ರಾಜನಿಗೆ ಪ್ರಜೆಗಳ ಭಯ ಯಾಕಿರಬೇಕು ಎಂಬುದು ಅವನ ತರ್ಕ. ಮೊದಲಾದರೆ ಹಿಂಸೆ ಮಿತಿಮೀರಿದಾಗ ಜನ ತಿರುಗಿಬೀಳುತ್ತಿದ್ದರು, ಇಲ್ಲವೇ ಪಕ್ಕದ ರಾಜನ ಕಡೆ ಗುಳೆ ಹೋಗುತ್ತಿದ್ದರು. ಗೆಳೆಯನ ಬಂದೂಕು ಆ ಬಾಗಿಲನ್ನು ಮುಚ್ಚಿತು.

ಕೂಟ

ಹಾಗಾದರೆ ತಿಂಗಳ ಕಂತು ಎಲ್ಲಿಂದ ಬರಬೇಕು? ಹಳ್ಳಿಯಿಂದ. ಅದಕ್ಕೆ ಶರತ್ತು ಎಂಬ ಪದ್ಧತಿ ಬಂತು. ನನ್ನ ತಾಲ್ಲೂಕಿನಿಂದ ಇಷ್ಟು ಹಣ ತಂದೇ ತರುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನ ಕೈಯಿಂದ. ಕೈಯಿಂದ ಕೊಡುವ ಅಮಲ್ದಾರನನ್ನು ಎಲ್ಲಾದರೂ ಕಂಡಿದ್ದೀರಾ? ಅವನು ರೈತನ ಹತ್ತಿರ ಹೋದ. ಅದೇ ಹೊತ್ತಿಗೆ, 1820ರ ದಶಕದಲ್ಲಿ, ದಕ್ಷಿಣದಲ್ಲೆಲ್ಲ ಧಾನ್ಯದ ಬೆಲೆ ಕುಸಿಯುತ್ತಿತ್ತು. ರಾಗಿ ಭತ್ತಕ್ಕೆ ಬೆಲೆಯಿಲ್ಲ, ಕಂದಾಯ ಮಾತ್ರ ನಾಣ್ಯದಲ್ಲೇ ಎಣಿಸಬೇಕು. ಕಂಪನಿಗೆ ಕೊಡಬೇಕಾದ 7 ಲಕ್ಷದಲ್ಲಿ ಒಂದು ಪಗೋಡವೂ ಕಡಿಮೆಯಾಗುವಂತಿಲ್ಲ.

1830ರ ಆಗಸ್ಟ್‌ನಲ್ಲಿ ನಗರದ ಸೀಮೆಯ ರೈತರು ಬೇರೆ ಸೀಮೆಗಳ ರೈತರಿಗೆ ಪತ್ರ ಕಳಿಸಿ ಕೂಟಕ್ಕೆ ಕರೆದರು. ಕೂಟ ಅಂದರೆ ಈಗಿನ ಧರಣಿ, ಮುಷ್ಕರ ಎರಡೂ ಸೇರಿದ ಹಾಗೆ. ಊರು ಬಿಟ್ಟು ಬಂದು ಒಂದೆಡೆ ಸೇರೋದು, ಕಂದಾಯ ಕಟ್ಟಲ್ಲ ಅನ್ನೋದು, ರಾಜರೇ ಬಂದು ನಮ್ಮ ಮಾತು ಕೇಳಲಿ ಅನ್ನೋದು. ಮೊದಮೊದಲು ಅದರಲ್ಲಿ ಕತ್ತಿಗಿಂತ ಅರ್ಜಿಯೇ ಹೆಚ್ಚಿತ್ತು. ಆಮೇಲೆ ಕೆಳದಿಯ ವಂಶದವನು ಎಂದು ಹೇಳಿಕೊಂಡ ಬೂದಿ ಬಸವಪ್ಪ ಬಂದ. ನಮ್ಮ ಕಡೆ ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ. ಅದೇ ಮನೆತನದ ಸರ್ಜಾ ಹನುಮಪ್ಪನಾಯಕನ ಹೆಸರು ತರೀಕೆರೆ ಸುತ್ತಮುತ್ತ ಈಗಲೂ ಜನರ ಬಾಯಲ್ಲಿದೆ. ಪಾಳೆಯಗಾರರಿಗೆ ಬೇಕಿದ್ದದ್ದು ಹಳೆಯ ಗದ್ದುಗೆ, ರೈತರಿಗೆ ಬೇಕಿದ್ದದ್ದು ಕಂದಾಯದಲ್ಲಿ ರಿಯಾಯಿತಿ. ಎರಡನ್ನೂ ಒಂದೇ ಕ್ರಾಂತಿ ಎಂದು ಪೋಸ್ಟರ್ ಮಾಡುವ ಗೆಳೆಯರ ಜೊತೆ ನನಗೆ ತಕರಾರಿದೆ, ಇರಲಿ.

1830ರ ಡಿಸೆಂಬರ್‌ನಲ್ಲಿ ಮುಮ್ಮಡಿಯವರೇ ರೆಸಿಡೆಂಟನ ಜೊತೆ ಹೊರಟು ಚನ್ನರಾಯಪಟ್ಟಣದ ಕಡೆ ಬಂದರು. ರೈತರು ಕೇಳಿದ್ದು ರಾಜರು ಬರಲಿ ಅಂತ. ಬಂದ ರಾಜರ ಸವಾರಿಯಲ್ಲಿ ಕೆಲವರಿಗೆ ನೇಣಾಯಿತು. ಮೈಸೂರಿನ ಪಡೆಯಿಂದ ದಂಗೆ ಅಡಗದೆ ಇದ್ದಾಗ ಕಂಪನಿಯ ಸೈನ್ಯವನ್ನು ಕರೆಯಲಾಯಿತು. 1799ರಿಂದ ಯಾವ ಸೈನ್ಯಕ್ಕೆ ರೈತರು ಹಣ ಕೊಡುತ್ತಾ ಬಂದಿದ್ದರೋ ಅದೇ ಸೈನ್ಯ 1831ರಲ್ಲಿ ಅವರ ಮೇಲೆ ನಡೆಯಿತು. ನಗರ ಮತ್ತೆ ವಶವಾಯಿತು. ಹನುಮಪ್ಪನಾಯಕ ಕಾಡಿನಲ್ಲೇ ಉಳಿದು 1834ರಲ್ಲಿ ಸಿಕ್ಕಿಬಿದ್ದ. ಅವನನ್ನು ಗಲ್ಲಿಗೇರಿಸಿದರು.

ಮುಮ್ಮಡಿಯವರು ಗೆಳೆಯನಿಂದ ಸಹಾಯ ಕೇಳಿದ್ದರು. ಸಹಾಯ ಬಂತು, ಅದರ ಹಿಂದೆಯೇ ಪತ್ರವೂ ಬಂತು. 1831ರ ಸೆಪ್ಟೆಂಬರ್ 7ರ ದಿನಾಂಕ ಹಾಕಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಬರೆದ ಪತ್ರ. ನಾಲ್ಕನೇ ಕಲಮಿನ ಪ್ರಕಾರ ರಾಜ್ಯದ ಆಡಳಿತವನ್ನು ಕಂಪನಿ ವಹಿಸಿಕೊಳ್ಳುತ್ತದೆ ಎಂಬುದು ವಿಷಯ. ಅಕ್ಟೋಬರ್ 19ರಂದು ಮುಮ್ಮಡಿಯವರು ಗಲಾಟೆ ಇಲ್ಲದೆ ಬಿಟ್ಟುಕೊಟ್ಟರು. ಬಿಟ್ಟುಕೊಡದೆ ಏನು ಮಾಡಬಹುದಿತ್ತು? ಸೈನ್ಯ ಯಾರದು? ಅವರಿಗೆ 37 ವರ್ಷ.

ಬಾಕಿಯೇ ಇರಲಿಲ್ಲ

ಬೆಂಟಿಂಕ್ ಒಂದು ತನಿಖಾ ಸಮಿತಿ ಮಾಡಿದ. ಹಾಕರ್, ಮಾರಿಸನ್, ಮೆಕ್ಲಿಯಾಡ್ ಮತ್ತು ಮುಂದೆ ಬೆಂಗಳೂರಿನ ಪಾರ್ಕಿಗೆ ಹೆಸರಾದ ಕಬ್ಬನ್. 1833ರ ಕೊನೆಗೆ ವರದಿ ಬಂತು. ಆಡಳಿತ ಕೆಟ್ಟಿತ್ತು, ಹೌದು. ಆದರೆ ರಾಜರ ಮೇಲೆ ಹೊರಿಸಿದ್ದರಲ್ಲಿ ಬಹಳಷ್ಟು ಉತ್ಪ್ರೇಕ್ಷೆ. ಮುಖ್ಯವಾಗಿ, ಕಂಪನಿಯ ಹಣಕ್ಕೆ ಅಪಾಯವೇ ಬಂದಿರಲಿಲ್ಲ. 1834ರಲ್ಲಿ ಬೆಂಟಿಂಕ್ ನೀಲಗಿರಿಯಲ್ಲಿದ್ದಾಗ ಲಂಡನ್ನಿಗೆ ಬರೆದು, ತಾನು ಮಾಡಿದ್ದು ಒಪ್ಪಂದದ ಅಕ್ಷರಕ್ಕೆ ಸರಿಹೊಂದುತ್ತದೋ ಇಲ್ಲವೋ ಎಂಬ ಅನುಮಾನವನ್ನು ತಾನೇ ತೋಡಿಕೊಂಡ. ಹಣ ಉಳಿಸಿಕೊಳ್ಳಲು ರಾಜ್ಯ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಂಡದ್ದು ದುರಾಡಳಿತದ ಕಾರಣಕ್ಕೆ ಎಂದು. ಮೈಸೂರು, ಅಷ್ಟಗ್ರಾಮ, ಮಂಜರಾಬಾದ್ ಸೀಮೆಗಳನ್ನು ರಾಜರಿಗೆ ಹಿಂದಿರುಗಿಸಿ, ದಂಗೆ ಎದ್ದ ನಗರದ ಸೀಮೆಯನ್ನೂ ಚಿತ್ರದುರ್ಗ, ಬೆಂಗಳೂರುಗಳನ್ನೂ ಕಂಪನಿ ಇಟ್ಟುಕೊಳ್ಳಲಿ ಎಂದು ಸಲಹೆ ಮಾಡಿದ. ಲಂಡನ್ನಿನ ಡೈರೆಕ್ಟರುಗಳು ಬೇಡ ಅಂದರು. ಅಲ್ಲಿಗೆ ಮುಗಿಯಿತು. ಕಾನೂನು ಮುರಿದವನೇ ಮುರಿದೆ ಎಂದು ಒಪ್ಪಿದರೂ ಸರಿಪಡಿಸುವ ದಾರಿ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಈ ಮಾತಿನ ಅತಿ ವಿಚಿತ್ರ ಭಾಗ ಇದರ ನಂತರದ್ದು. 1831ರಿಂದ 1881ರವರೆಗೆ, ಐವತ್ತು ವರ್ಷ, ಮೈಸೂರನ್ನು ಆಳಿದ್ದು ಬ್ರಿಟಿಷ್ ಕಮಿಷನರುಗಳು. ಆ ಐವತ್ತು ವರ್ಷವೂ ಮೈಸೂರಿನ ಖಜಾನೆಯಿಂದ 24.5 ಲಕ್ಷ ರೂಪಾಯಿ ಸಬ್ಸಿಡಿ ಹೋಗುತ್ತಲೇ ಇತ್ತು. ಕೊಡುವವರ ಕುರ್ಚಿಯಲ್ಲಿ ಕೂತಿದ್ದವರು, ತೆಗೆದುಕೊಳ್ಳುವವರ ಕುರ್ಚಿಯಲ್ಲಿ ಕೂತಿದ್ದವರು ಇಬ್ಬರೂ ಒಂದೇ ಸರ್ಕಾರದವರು. ಯಾರಿಂದ ಯಾರನ್ನು ರಕ್ಷಿಸಲು ಆ ಹಣ ಎಂದು ಕೇಳಲು ಯಾರೂ ಉಳಿದಿರಲಿಲ್ಲ.

ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ರಸ್ತೆಗಳಾದವು, ಘಾಟಿಗಳನ್ನು ಇಳಿದು ಕರಾವಳಿಗೆ ದಾರಿ ತೆರೆಯಿತು, ಬಾಬಾಬುಡನ್‌ಗಿರಿಯ ಸುತ್ತ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ನೂರಾರು ಸಣ್ಣಪುಟ್ಟ ತೆರಿಗೆಗಳು ರದ್ದಾದವು. ರೈತರಿಗೆ ಮುಮ್ಮಡಿಯವರ ಕೊನೆಯ ವರ್ಷಗಳಿಗಿಂತ ಇದು ಮೇಲು ಎಂದು ಯಾರಾದರೂ ವಾದಿಸಿದರೆ ಅವರ ಬಾಯಿ ಮುಚ್ಚಿಸುವಷ್ಟು ಸಾಕ್ಷ್ಯ ನನ್ನ ಹತ್ತಿರ ಇಲ್ಲ. ಹೈದರಾಬಾದು ಮತ್ತು ಅವಧ್‌ಗೆ ಹೋಲಿಸಿದರೆ ಮೈಸೂರಿನವರು ಅದೃಷ್ಟವಂತರು ಎನ್ನಬಹುದು. ನಿಜಾಮ ತನ್ನ ಗೆಳೆಯರ ಸೈನ್ಯದ ಬಾಕಿ ತೀರಿಸಲು 1853ರಲ್ಲಿ ಬೇರಾರ್ ಬಿಟ್ಟುಕೊಡಬೇಕಾಯಿತು. 1801ರಲ್ಲೇ ಅರ್ಧ ರಾಜ್ಯ ಕೊಟ್ಟು ಗೆಳೆತನ ಉಳಿಸಿಕೊಂಡಿದ್ದ ಅವಧ್, 1856ರಲ್ಲಿ ಉಳಿದ ಅರ್ಧವನ್ನೂ ಕಳೆದುಕೊಂಡಿತು.

ಮುಮ್ಮಡಿಯವರು ಮೈಸೂರಿನ ಅರಮನೆಯಲ್ಲಿ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಆದಾಯದ ಐದನೇ ಒಂದು ಭಾಗದ ಮೇಲೆ ಬದುಕಿದರು. ಅದೂ ಒಪ್ಪಂದದಲ್ಲೇ ಇದ್ದ ಮಾತು. ಅಂದರೆ ಒಪ್ಪಂದ ಬರೆದವರು ಈ ದಿನ ಬರಬಹುದು ಎಂದು ಮೊದಲ ದಿನವೇ ಲೆಕ್ಕ ಹಾಕಿಟ್ಟಿದ್ದರು. ಅರಮನೆಯಲ್ಲಿ ಅವರು ಪಂಡಿತರನ್ನು ಸಾಕಿದರು, ಪುಸ್ತಕ ಬರೆಸಿದರು, ಆಟಗಳನ್ನು ಕಟ್ಟಿದರು. 64 ಮನೆಯಲ್ಲಿ ಕುದುರೆಯನ್ನು ಎಲ್ಲಿಗೂ ಸಿಕ್ಕಿಬೀಳದಂತೆ ನಡೆಸುವ ಆಟದಲ್ಲಿ ಒಬ್ಬ ಪದಚ್ಯುತ ರಾಜ ಯಾಕೆ ಮುಳುಗಿದ ಎಂದು ಮನಶ್ಶಾಸ್ತ್ರ ಮಾಡೋಕೆ ನನಗೆ ಇಷ್ಟವಿಲ್ಲ. ಬುದ್ಧಿವಂತರಾಗಿದ್ದರು, ಸಮಯವಿತ್ತು.

ಆದರೆ ಅರ್ಜಿ ಬರೆಯುವುದನ್ನು ಅವರು ಬಿಡಲಿಲ್ಲ. ಇಲ್ಲಿಂದ ಅವರ ಬಗ್ಗೆ ನನಗೆ ಗೌರವ ಶುರುವಾಗುತ್ತದೆ. 1857ರಲ್ಲಿ ಉತ್ತರದ ಸಂಸ್ಥಾನಗಳು ಹೊತ್ತಿ ಉರಿದಾಗ ಅವರು ಒಪ್ಪಂದಕ್ಕೆ ಅಂಟಿಕೊಂಡು ನಿಂತರು. ಇದನ್ನು ದ್ರೋಹ ಅಂತ ಬರೆಯುವವರಿದ್ದಾರೆ. ನನ್ನ ಪ್ರಕಾರ ಅದು ಲೆಕ್ಕಾಚಾರ. ಎದುರಾಳಿ ಮುರಿದ ಕಾಗದವನ್ನು ತಾವು ಮುರಿಯದೆ ಉಳಿಸಿಕೊಂಡರೆ ಮಾತ್ರ ಮುಂದೆ ಅದನ್ನು ಎತ್ತಿ ತೋರಿಸಬಹುದು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೆಳಗೆ ಹಾಕಲು ಹೊರಟಾಗ ಪ್ರತಿಭಟಿಸಿದರು, ಆ ಆದೇಶ ವಾಪಸಾಯಿತು. 1861ರಲ್ಲಿ ರಾಜ್ಯ ಹಿಂದಿರುಗಿಸಿ ಎಂದು ಕ್ಯಾನಿಂಗ್‌ಗೆ ಬರೆದರು. ಆಗಲ್ಲ ಎಂಬ ಉತ್ತರ ಬಂತು. ಲಾರೆನ್ಸ್‌ನಿಂದಲೂ ಅದೇ ಉತ್ತರ. ಮಕ್ಕಳಿಲ್ಲದ ರಾಜ ಸತ್ತರೆ ರಾಜ್ಯ ತಾನಾಗಿ ಬರುತ್ತದೆ ಎಂದು ಡಾಲ್‌ಹೌಸಿಯ ಕಾಲದಿಂದಲೂ ಕಾಯುತ್ತಿದ್ದವರಿದ್ದರು. ಅವರ ಆಸೆಯ ಮೇಲೆ ನೀರೆರಚುವಂತೆ 1865ರ ಜೂನ್ 18ರಂದು ಮುಮ್ಮಡಿಯವರು ಎರಡೂವರೆ ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತಾ ಒಪ್ಪಲಿಲ್ಲ. ಅವರು ಲಂಡನ್ನಿನಲ್ಲಿ ಏಜೆಂಟರನ್ನು ಇಟ್ಟು, ಪಾರ್ಲಿಮೆಂಟಿಗೆ ಮನವಿ ಹೋಗುವಂತೆ ಮಾಡಿದರು. ಇವಾನ್ಸ್ ಬೆಲ್ ಎಂಬ ಇಂಗ್ಲಿಷ್ ಅಧಿಕಾರಿಯೇ ಮೈಸೂರಿನ ಪರ ಪುಸ್ತಕ ಬರೆದ. ಈಗಿನ ಭಾಷೆಯಲ್ಲಿ ಹೇಳೋದಾದರೆ, ಗೆಳೆಯನ ಜೊತೆ ಬಂದೂಕಿನಿಂದ ಗೆಲ್ಲಲಾಗದ ಮನುಷ್ಯ ಗೆಳೆಯನ ಮನೆಯ ಒಳಗಿನ ವಿರೋಧ ಪಕ್ಷವನ್ನು ಹುಡುಕಿಕೊಂಡ. 1799ರಲ್ಲಿ ಇಲ್ಲದ ನೀರುಗಂಟಿಯನ್ನು ಅವರು ಎಪ್ಪತ್ತು ದಾಟಿದ ಮೇಲೆ ಲಂಡನ್ನಿನಲ್ಲಿ ಹುಡುಕಿದರು ಅನ್ನಬಹುದು. 1867ರ ಏಪ್ರಿಲ್‌ನಲ್ಲಿ ಭಾರತದ ವ್ಯವಹಾರಗಳ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್, ಮೈಸೂರು ಒಡೆಯರ ಮನೆತನದಲ್ಲೇ ಉಳಿಯುತ್ತದೆ ಎಂದು ನಿರ್ಧರಿಸಿದ.

1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಅಧಿಕಾರ ಅವರ ಕೈಗೆ ಮತ್ತೆ ಬರಲೇ ಇಲ್ಲ.

ಮಗನಿಗೆ ಬಂತು, 1881ರ ಮಾರ್ಚ್ 25ರಂದು. ಆದರೆ ಈ ಸಲ ಅದು ಇಬ್ಬರ ನಡುವಿನ ಒಪ್ಪಂದವಾಗಿರಲಿಲ್ಲ, ಹಸ್ತಾಂತರ ಪತ್ರ. ಒಬ್ಬರು ಷರತ್ತು ಹಾಕುವುದು, ಇನ್ನೊಬ್ಬರು ತೆಗೆದುಕೊಳ್ಳುವುದು. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಲ್ಲೇ ಉಳಿಯಿತು. ಸಬ್ಸಿಡಿಯನ್ನು 35 ಲಕ್ಷಕ್ಕೆ ಏರಿಸಿದರು. ಬರದ ಹೊಡೆತದಿಂದ ರಾಜ್ಯ ಇನ್ನೂ ಎದ್ದಿಲ್ಲ ಎಂಬ ಕಾರಣಕ್ಕೆ ಹೆಚ್ಚುವರಿ ಹಣದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ದಸರಾ ಹೊತ್ತಿಗೆ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಮಂದಿ ಸದಸ್ಯರು, ಎಲ್ಲ ಜಿಲ್ಲೆಗಳಿಂದ ಬಂದ ಜಮೀನುದಾರರು ಮತ್ತು ವರ್ತಕರು. 1830ರಲ್ಲಿ ಕೂಟ ಸೇರಿದವರ ಮೊಮ್ಮಕ್ಕಳ ಕಾಲ ಅದು. ಸರ್ಕಾರ ಜಮಾಖರ್ಚು ಓದಿ ಹೇಳಿತು, ಅವರು ತಮ್ಮ ಊರಿನ ತೊಂದರೆ ಹೇಳಿಕೊಳ್ಳಬಹುದಿತ್ತು. ಖರ್ಚಿನ ಯಾವ ಬಾಬ್ತಿಗೂ ವೋಟು ಹಾಕುವ ಅಧಿಕಾರ ಅವರಿಗೆ ಇರಲಿಲ್ಲ.